ಸಾಲಿ ಬಿಟ್ಟ ದಾರ

೨೦೦೧ರಲ್ಲಿ, ಒಂಬತ್ತನೆಯ ಇಯತ್ತೆಗೆ, ನನ್ನ ಓದು ನಿಂತಿತು. ಆಮೇಲೆ ನಾನು ಓದಿದ್ದು ಒಂದು ಹೆಬ್ಬೆರಳನ್ನು. ಚಮಚದಂತೆ ಚಪ್ಪಟೆಯಾದ, ಉಗುರಿನ ಸುತ್ತ ಗ್ರೀಸು ಕಪ್ಪಗೆ ಕೂತ, ಎಷ್ಟು ಸೀಮೆಎಣ್ಣೆ ಹಾಕಿ ತಿಕ್ಕಿದರೂ ಬೆಳ್ಳಗಾಗದ ಹೆಬ್ಬೆರಳು. ಕಾಕಾ ಅದರಿಂದಲೇ ನಟ್ಟು ತಿರುಗಿಸಿ ಬೋಲ್ಟಿನ ಯೋಗ್ಯತೆ ಹೇಳುತ್ತಿದ್ದರು. ನಟ್ಟು ಬಿಗಿಯುವ ಪಾನಾ ಮುಟ್ಟುತ್ತಿರಲಿಲ್ಲ.

“ಎರಡ ಬಟ್ಟಿಲೆ ನಟ್ಟ ತಿರುಗಲಿಲ್ಲಂದ್ರ ಅದು ಬೋಲ್ಟ್ ಅಲ್ಲ ತಮ್ಮಾ, ಬರೇ ಸರಳು.”

ಅವರು ನನ್ನ ಬಂಧುವಲ್ಲ. ಕುಪ್ಪೇಲೂರಿನಿಂದ ದಿನಾ ಬಸ್ಸಿಗೆ ಬಂದು ರಾಣೆಬೆನ್ನೂರಿನಲ್ಲಿ ಲೇತಿನ ಅಂಗಡಿ ತೆರೆಯುತ್ತಿದ್ದ ಅವರು ಓಣಿಗೆಲ್ಲ ಕಾಕಾ. ಫೌಂಡೇಶನ್ ಬೋಲ್ಟು ಅವರ ಕಸುಬು. ಬುಡ ಕೊಕ್ಕೆಯಂತೆ ಬಾಗಿದ ಉಕ್ಕಿನ ಸರಳು ಕಾಂಕ್ರೀಟಿನಲ್ಲಿ ಹೂತಿರುತ್ತದೆ, ಥ್ರೆಡ್ ಹಾಕಿದ ತಲೆ ಮಾತ್ರ ಮೇಲೆ. ಅಂಥ ನಾಲ್ಕು ಬೋಲ್ಟಿನ ಮೇಲೆ ಕಬ್ಬಿಣದ ಕಂಬ ಇಳಿಸಿ ನಟ್ಟು ಬಿಗಿಯುತ್ತಾರೆ. ಶೆಡ್ಡು ನೋಡಿದವರು ಮೇಲಿನ ತಗಡು ನೋಡುತ್ತಾರೆ. ಕಾಕಾ ಮಾತ್ರ ಮದುವೆಗೆ ಹೋದಲ್ಲೂ ಕುಕ್ಕರಗಾಲಿನಲ್ಲಿ ಕೂತು ಮಂಟಪದ ಕಂಬದ ಬುಡ ನೋಡುತ್ತಿದ್ದರು. “ಮದವಿಗೆ ಬಂದೀರೋ, ಕಂಬ ನೋಡಾಕ ಬಂದೀರೋ?” ಎಂದು ಅವರ ಹೆಂಡತಿ, ನಮ್ಮ ಕಾಕು, ಬೈದದ್ದನ್ನು ನಾನೇ ಕೇಳಿದ್ದೇನೆ.

ಹನ್ನೆರಡು ವರ್ಷ ಅವರ ಕೈಯಲ್ಲಿ ಪಳಗಿದ ಮೇಲೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಗೋದಾಮಿನ ಕೆಲಸ ಬಂತು. ಕಾಕಾ ಅದನ್ನು ನನ್ನ ಹೆಸರಿಗೇ ಹಿಡಿಸಿದರು. ಇಪ್ಪತ್ನಾಲ್ಕು ಕಂಬ, ತೊಂಬತ್ತಾರು ಬೋಲ್ಟು. ಕಂಬಗಳು ತೂತು ಸಮೇತ ಹುಬ್ಬಳ್ಳಿಯಲ್ಲಿ ತಯಾರಾಗಿದ್ದವು. ನಾನು ಹೂತ ಬೋಲ್ಟು ಆ ತೂತುಗಳಿಗೆ ಕೂಡಬೇಕು.

“ಎಷ್ಟನೇತ್ತ ಓದೀಯೋ?” ಸಾವ್ಕಾರ್ರು ಕೇಳಿದರು.

“ಒಂಬತ್ತ್ರಿ.”

“ಹಂಗಾರ ಹತ್ತರ ತನಕ ಎಣಸಾಕ ಬರೂದಿಲ್ಲ!” ಎಂದು ತಾವೇ ನಕ್ಕರು. “ನೋಡು, ಒಂದ ಕಂಬ ಕೂಡ್ಲಿಲ್ಲಂದ್ರ ಮುಂದಿನ ಕೆಲ್ಸೆಲ್ಲಾ ಹುಬ್ಬಳ್ಳಿಯವ್ರಿಗೆ.”

ಕಾಂಕ್ರೀಟ್ ಹಾಕುವ ದಿನ ಕಾಕಾ ಬಂದಾಗ ಕೊನೆಯ ಗುಂಡಿಯೂ ತುಂಬಿತ್ತು. ಅವರು ಜೇಬಿನಿಂದ ಮೇಣ ಹಚ್ಚಿದ ದಾರ ತೆಗೆದರು. ಮೂಲೆಯ ಕಂಬದ ಜಾಗದಿಂದ ಎದುರು ಮೂಲೆಗೆ ಓರೆಯಾಗಿ ಎಳೆದು, ಅಳತೆ ಮುಗಿದಲ್ಲಿ ದಾರಕ್ಕೆ ಗಂಟು ಹಾಕಿದರು. ಅದೇ ದಾರವನ್ನು ಇನ್ನೊಂದು ಓರೆಗೆ, ಆ ಕೊನೆಯ ಗುಂಡಿಗೆ, ಎಳೆದರು. ಎರಡೂ ಓರೆ ಸಮ ಇರಬೇಕು. ಗಂಟು ಬೋಲ್ಟನ್ನು ದಾಟಿ ಒಂದು ಹೆಬ್ಬೆರಳಿನಷ್ಟು ಆಚೆ ಹೋಗಿ ನಿಂತಿತು.

“ಟೇಪ್ ಹಿಡದ ನೋಡೇನ್ರಿ ಕಾಕಾ, ಕಂಬದಿಂದ ಕಂಬಕ್ಕ ಬರೋಬ್ಬರಿ ಇಪ್ಪತ್ತ ಫೂಟು!”

“ಟೇಪ್ ಓದಿದ್ದೈತಿ, ಅದಕ್ಕ ಸುಳ್ಳ ಹೇಳತೈತಿ. ದಾರಾ ನಿನ್ನಂಗ ಸಾಲಿ ಬಿಟ್ಟೈತಿ. ಅಂಕೀನೂ ಬರೂದಿಲ್ಲ, ಸುಳ್ಳೂ ಬರೂದಿಲ್ಲ.”

ಆಗ ಹೊಳೆಯಿತು. ನನ್ನ ಟೇಪಿನ ತುದಿ ಮುರಿದಿತ್ತು. ಅಂಥ ಟೇಪನ್ನು ಮೊದಲ ಇಂಚು ಬಿಟ್ಟು ಹಿಡಿದು, ಇನ್ನೊಂದು ತುದಿಯಲ್ಲಿ ಒಂದು ಇಂಚು ಹೆಚ್ಚಿಗೆ ಓದುವುದು ನಮ್ಮ ರೂಢಿ. ಇಪ್ಪತ್ಮೂರು ಕಂಬಕ್ಕೆ ಹೆಚ್ಚಿಗೆ ಓದಿದ್ದೆ. ಕೊನೆಯದಕ್ಕೆ, ಕಾಂಕ್ರೀಟ್ ಮಿಷಿನ್ನು ಗುಡುಗುಡು ಎನ್ನುತ್ತಿದ್ದ ಅವಸರದಲ್ಲಿ, ಮರೆತಿದ್ದೆ. ಎಣಿಕೆಯಲ್ಲಿ ಒಂದು ಕಡಿಮೆ! ಸಾವ್ಕಾರ್ರ ನಗೆ ಕಿವಿಯಲ್ಲಿ ಮೊಳಗಿತು.

ಅವರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಪಿಸುಗುಟ್ಟಿದೆ: “ಆಮ್ಯಾಲೆ ಕಂಬದ ತೂತ ಗ್ಯಾಸಿಲೆ ದೊಡ್ಡದ ಮಾಡೂಣ್ರಿ. ಯಾರಿಗೂ ಗೊತ್ತಾಗೂದಿಲ್ಲ.”

“ಕಂಬಕ್ಕ ಗೊತ್ತಾಕ್ಕೈತಿ. ಹೋಗು, ನಿನ್ನ ಬಾಯಿಲೆ ಹೇಳು.”

ಆ ಮೂವತ್ತು ಹೆಜ್ಜೆ ಇವತ್ತಿಗೂ ನೆನಪಿದೆ. ಹೇಳಿದೆ. ಸಾವ್ಕಾರ್ರು ಎದ್ದು ನಿಂತರು. “ನಾ ಅಂದಿದ್ದಿಲ್ಲೇನ? ಒಂಬತ್ತನೇತ್ತ!”

ಹಿಂದೆ ಬಂದಿದ್ದ ಕಾಕಾ ಮೆಲ್ಲಗೆ ಅಂದರು: “ಸಾವ್ಕಾರ್ರ, ತಪ್ಪು ಹಸಿ ಇದ್ದಾಗ ಹೇಳ್ಯಾನ್ರಿ. ಒಣಗಿದ ಮ್ಯಾಲೆ ಹೇಳಾವ್ರು ಭಾಳ ಮಂದಿ ಸಿಗತಾರ.”

ಸಾವ್ಕಾರ್ರು ನನ್ನನ್ನೂ ಹಸಿ ಸಿಮೆಂಟನ್ನೂ ನೋಡಿದರು. “ನಿಂತೀದಿ ಯಾಕ? ಲಗೂ ತಗೀ!”

ಬೊಗಸೆಯಲ್ಲಿ ತೆಗೆದೆವು. ಅರವತ್ತು ದಾಟಿದ ಕಾಕಾ ಮೊಣಕಾಲೂರಿ ಕೂತು ನಾಲ್ಕೂ ಬೋಲ್ಟನ್ನು ಒಂದು ಇಂಚು ಸರಿಸಿದರು. ಈ ಸಲ ಗಂಟು ಹೋಗಿ ಬೋಲ್ಟಿಗೆ ಮುತ್ತಿಟ್ಟಿತು.

ಕಾಂಕ್ರೀಟು ಗಟ್ಟಿಯಾದ ಮೇಲೆ ಹಾವೇರಿಯಿಂದ ಕ್ರೇನು ಬಂತು. ಒಂದೊಂದೇ ಕಂಬ ಕೂತಿತು. ಕೊನೆಯದು ಗಾಳಿಯಲ್ಲಿ ತೂಗುತ್ತ ಬಂತು. ಇಳಿಯಿತು. ನಾಲ್ಕು ಬೋಲ್ಟು ನಾಲ್ಕು ತೂತಿನಿಂದ ತಲೆ ಎತ್ತಿದವು.

“ಕಂಬ ತಾನ ಜಾಗಾ ಹುಡಿಕ್ಕೊಂಡ ಕುಂತ್ತಲೋ ಮಾರಾಯಾ!” ಎಂದು ಕ್ರೇನಿನವನು ಮೇಲಿನಿಂದಲೇ ಕೂಗಿದ.

ಕಾಕಾ ತೊಂಬತ್ತಾರೂ ನಟ್ಟನ್ನು ಎರಡು ಬೆರಳಿನಲ್ಲಿ ತಿರುಗಿಸಿದರು. ಕೊನೆಯದನ್ನು ತಿರುಗಿಸಿ, ಆ ಚಪ್ಪಟೆ ಹೆಬ್ಬೆರಳನ್ನು ನನ್ನ ಹಣೆಗೆ ಒತ್ತಿದರು. ಗ್ರೀಸಿನ ಬೊಟ್ಟು.

“ಹತ್ತನೇತ್ತ ಪಾಸಾದಿ ನೋಡೋ.”

“ಚಾ ಕುಡೀರಿ ಬರ್ರಿ,” ಎಂದರು ಸಾವ್ಕಾರ್ರು, ನನ್ನತ್ತ ತಿರುಗಿ. ನನಗೆ ‘ರಿ’ ಹಚ್ಚಿದ್ದು ಅದೇ ಮೊದಲು. ಅವರ ಮುಂದಿನ ಎರಡು ಗೋದಾಮುಗಳೂ ನನ್ನ ಬೋಲ್ಟಿನ ಮೇಲೆಯೇ ನಿಂತಿವೆ.

ಹೋದ ವರ್ಷ ಕಾಕಾ ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಕಾಕು ಒಳಗಿನಿಂದ ಆ ದಾರ ತಂದು ನನ್ನ ಕೈಯಲ್ಲಿಟ್ಟರು.

ಈಗ ನನಗೆ ಹಾವೇರಿ ರಸ್ತೆಯಲ್ಲಿ ಸ್ವಂತ ಶೆಡ್ಡು ಒಂದು. ಲೇತು ಮೂರು. ಜೊತೆಗೆ ದುಡಿಯುವವರು ಒಂಬತ್ತು ಮಂದಿ. ನಿಲ್ಲಿಸಿದ ಗೋದಾಮು ನಲವತ್ತೊಂದು. ಟೇಪು ಹದಿನಾಲ್ಕು.

ದಾರ ಒಂದು.