ಅರ್ಧ ಟಿಕೆಟ್ಟಿನ ವಯಸ್ಸು

ಸೊಲ್ಲಾಪುರದ ಬೋರ್ಡಿಂಗ್ ಶಾಲೆ ನಡೆಸುವ ಬಾಯಿಯವರು ನನ್ನ ನಾದಿನಿ ನೀಲಾಳನ್ನು ಬೇಡ ಅಂದಿರಲಿಲ್ಲ. ಬೇಡ ಅಂದರು ಎಂದು ಹೇಳಿದವಳು ನಾನು. ಹದಿಮೂರು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅಡಿಗೆ ಮಾಡಿದೆ, ಮಕ್ಕಳನ್ನು ಹೆತ್ತೆ, ದಿನಾ ಮಿಂದು ಲಿಂಗಪೂಜೆಗೆ ಕುಳಿತೆ. ಒಂದು ದಿನವೂ ಮಂತ್ರ ತಪ್ಪಲಿಲ್ಲ — ಅದನ್ನೂ ಹೇಳಿಬಿಡಬೇಕು.

ನಿನ್ನೆ ಸುದ್ದಿ ಬಂದಾಗ ಹುಮನಾಬಾದಿನ ನಮ್ಮ ಮನೆಯ ಅಂಗಳದಲ್ಲಿ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದೆ. ಬಸವಕಲ್ಯಾಣದಿಂದ ಬಳೆ ಹೊತ್ತು ಊರೂರು ತಿರುಗುವ ಮೌಲಾಬಿ ಬಂದು ಕಟ್ಟೆಯ ಮೇಲೆ ಕುಳಿತಳು. ನೀರು ಕುಡಿದು, ನನ್ನ ಕೈ ಹಿಡಿದು ಹಿಚುಕಿ ನೋಡಿ, "ಈ ಕೈಗಿಂತ ಹುಣಚಿ ಟೊಂಗಿಗಿ ಬಳಿ ಹಾಕೋದು ಸಸಾರ ಐತಿ ನೋಡಕ್ಕಾ" ಅಂದಳು. ನಾನೂ ನಕ್ಕೆ. ಆಮೇಲೆ ಅವಳು ದನಿ ಇಳಿಸಿದಳು. ಹಿಂದಿನ ದಿನ ಕೊಹಿನೂರಿಗೆ ಹೋಗಿದ್ದಳಂತೆ, ನೀಲಾಳ ಮನೆಗೆ. ನೀಲಾಳ ಮಗಳಿಗೆ ಬಳೆ ಇಡಿಸಬೇಕೆಂದು ಬಲಗೈ ಹಿಡಿದರೆ ಮಣಿಕಟ್ಟು ಬಾತಿತ್ತಂತೆ. ಸೌಟು ಕಾಯಿಸಿ ಬರೆ ಹಾಕಿದ್ದಾಳೆ, ಹೆತ್ತ ತಾಯಿ. ಏಳು ವರ್ಷದ ಮಗು ಬೆಲ್ಲ ತಿಂದು, ತಿಂದಿಲ್ಲ ಅಂದಿತ್ತು — ಅಷ್ಟಕ್ಕೆ.

"ಯಾಕವ್ವಾ ಹಿಂಗ ಮಾಡಿದಿ ಅಂತ ಕೇಳಿದ್ರ ಏನಂದಳು ಗೊತ್ತೈತೇನು? ಸುಳ್ಳು ಹೇಳಾಕಿ ಅಂತ ನನಗ ಸಾಲ್ಯಾಗ ತಗೋಲಿಲ್ಲ ಮೌಲಾಬಿ, ಇಕಿಗಿ ಹಂಗ ಆಗಬಾರದು ಅಂದಳು. ಅನಕೋತ ತಾನೂ ಅಳಾಕತ್ತಿದ್ದಳು."

ನಾನು ಕಲ್ಲು ಎತ್ತಿಕೊಂಡು ಇನ್ನೂ ಒಂದಷ್ಟು ಹುಣಸೆಹಣ್ಣು ಜಜ್ಜಿದೆ. ಬೀಜ ಬೇರೆ, ನಾರು ಬೇರೆ ಮಾಡಿದೆ. ಒಳಗೆ ಏನೂ ಆಗಲಿಲ್ಲ. ಏನಾದರೂ ಆಗಬೇಕಿತ್ತು ಎಂದು ಮಾತ್ರ ಅನ್ನಿಸಿತು.

ನೀಲಾ ನಮ್ಮ ಮನೆಯವರ ತಂಗಿ. ನಾನು ಮದುವೆಯಾಗಿ ಬಂದಾಗ ತಾಯಿತಂದೆ ಇಲ್ಲದ ಎಂಟು ವರ್ಷದ ಹುಡುಗಿ. ಅತ್ತಿಗೆಯಾದ ನನ್ನನ್ನು ವೈನಿ, ವೈನಿ ಎಂದು ಕರೆಯುತ್ತ ಸೆರಗು ಹಿಡಿದೇ ಬೆಳೆದಳು. ಇರುವೆಯ ಸಾಲು ಕಂಡರೆ ದಾಟಿ ಕಾಲಿಡುತ್ತಿದ್ದಳು. ಮಠದ ಅಯ್ಯನವರ ಹತ್ತಿರ ಕಲಿತ ಅಕ್ಷರವನ್ನು ಸಂಜೆ ಒಲೆಯ ಮುಂದೆ ಬೂದಿಯಲ್ಲಿ ಬೆರಳಿನಿಂದ ಬರೆದು ನನಗೂ ಕಲಿಸಿದಳು. ಈಗ ಇದನ್ನು ಬರೆಯುತ್ತಿರುವುದು ಅದೇ ಅಕ್ಷರದಲ್ಲಿ.

ತಂಗಿಯನ್ನು ಓದಿಸಬೇಕೆಂಬ ಹಟ ನಮ್ಮ ಮನೆಯವರಿಗೆ. ನಮ್ಮ ಕಡೆ ಆಗ ಶಾಲೆಗಳೆಲ್ಲ ಉರ್ದು, ಹೆಣ್ಣುಮಕ್ಕಳು ಕನ್ನಡ ಓದುವುದೆಲ್ಲಿ? ಸೊಲ್ಲಾಪುರದಲ್ಲಿ ಹುಡುಗಿಯರನ್ನು ಇಟ್ಟುಕೊಂಡು ಓದಿಸಿ ಮಾಸ್ತರಣಿ ಮಾಡುವ ಬೋರ್ಡಿಂಗು ಇದೆ ಎಂದು ಯಾರೋ ಹೇಳಿದ್ದರು. ಒಂದೇ ಕರಾರು — ಹನ್ನೆರಡು ವರ್ಷ ತುಂಬಿರಬೇಕು. ನೀಲಾಳಿಗೆ ಹದಿಮೂರು ನಡೆದಿತ್ತು.

ಹುಮನಾಬಾದಿಗೆ ರೈಲಿಲ್ಲ. ಮೋಟಾರಿನಲ್ಲಿ ಗುಲ್ಬರ್ಗಕ್ಕೆ ಹೋಗಿ ರೈಲು ಹತ್ತಬೇಕು. ನಮ್ಮ ಕಿರಾಣಿ ಅಂಗಡಿಯ ಮಾಲಿಗೆಂದು ಗುಲ್ಬರ್ಗಕ್ಕೆ ಹೋಗಿದ್ದ ಅವರು ಸ್ಟೇಷನ್ನಿನಲ್ಲಿ ವಿಚಾರಿಸಿ ಬಂದರು: ಶನಿವಾರ ಹೋಗಿ ಸೋಮವಾರದೊಳಗೆ ತಿರುಗಿ ಬರುವವರಿಗೆ ಹೋಗಿ-ಬರುವ ಟಿಕೆಟ್ಟು ಅಗ್ಗಕ್ಕೆ ಸಿಗುತ್ತದೆ, ಮೊದಲೇ ತೆಗೆದಿಟ್ಟುಕೊಳ್ಳಬೇಕು. ಮುಂದಿನ ವಾರ ಮಾಲಿಗೆ ಹೋದಾಗ ತೆಗೆದುಕೊಂಡೇ ಬಂದರು. ನಮ್ಮಿಬ್ಬರದು ಪೂರ್ತಿ, ನೀಲಾಳದು ಅರ್ಧ. ಹನ್ನೆರಡರ ಒಳಗಿನವರಿಗೆ ಅರ್ಧ ಟಿಕೆಟ್ಟು. ನೀಲಾ ಸಣಕಲಿ, ನೋಡಿದವರು ಹತ್ತೆಂದರೂ ನಂಬುವಂತಿದ್ದಳು. ಆ ಗಟ್ಟಿ ಕಾಗದದ ಚೀಟಿಗಳನ್ನು ನಾನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದೆ. ಅರ್ಧದ್ದಕ್ಕೂ ಹಚ್ಚಿದೆ.

ಹುಡುಗಿಗೆ ಪಾಠ ಹೇಳಿಕೊಟ್ಟವಳೂ ನಾನೇ. ಯಾರಾದರೂ ವಯಸ್ಸು ಕೇಳಿದರೆ ಹನ್ನೊಂದು ಅನ್ನಬೇಕು. ಗುಲ್ಬರ್ಗದವರೆಗೂ ಮೋಟಾರಿನಲ್ಲಿ ಅದನ್ನೇ ಕೇಳುತ್ತ, ಅದನ್ನೇ ಹೇಳಿಸುತ್ತ ಹೋದೆ. ತಿರುಗಿ ಮನೆ ಮುಟ್ಟುವತನಕ ನೀನು ಹನ್ನೊಂದು, ಯಾರೇ ಕೇಳಲಿ — ಎಂದಿದ್ದೆ. ಯಾರೇ ಕೇಳಲಿ ಎಂಬ ಮಾತು...

ರೈಲಿನಲ್ಲಿ ಟಿಕೆಟ್ ನೋಡುವವನು ಕೇಳಿದ. ನೀಲಾ ನೆಲ ನೋಡುತ್ತ ಹನ್ನೊಂದು ಅಂದಳು. ಅವನು ಮುಂದೆ ಹೋದ. ಬಸವಣ್ಣಾ ನಿನ್ನ ದಯೆ ಎಂದು ಕೈಮುಗಿದೆ. ಆ ದಿನ ದೇವರು ಮಾಡಿದ ಉಪಕಾರಗಳನ್ನು ಮನಸ್ಸಿನಲ್ಲೇ ಎಣಿಸಿಕೊಂಡೆ: ಕಿಟಕಿಯ ಹತ್ತಿರ ಜಾಗ ಸಿಕ್ಕಿತು, ಮಡಿಲಲ್ಲಿದ್ದ ನನ್ನ ಕೂಸು ಅಳದೆ ಮಲಗಿತು, ಟಿಕೆಟ್ಟಿನವನು ಎರಡನೇ ಮಾತು ಕೇಳಲಿಲ್ಲ. ಸುಳ್ಳು ದಕ್ಕಿದ್ದನ್ನೂ ದೇವರ ಲೆಕ್ಕಕ್ಕೇ ಹಾಕಿದೆ.

ಭಾನುವಾರ ಬೋರ್ಡಿಂಗಿಗೆ ಹೋದೆವು. ಒಳಗೆ ಗಂಡಸರಿಗೆ ಪರವಾನಗಿ ಇಲ್ಲ. ಅವರು ಕೂಸನ್ನೆತ್ತಿಕೊಂಡು ಬಾಗಿಲ ಹೊರಗೇ ನಿಂತರು. ಕನ್ನಡಕ ಹಾಕಿದ ಬಾಯಿಯವರು ನೀಲಾಳ ಕೈಯಿಂದ ಓದಿಸಿದರು, ಬರೆಸಿದರು. ಅವರ ಮುಖ ಅರಳಿತು. ಆಮೇಲೆ ವಯಸ್ಸು ಕೇಳಿದರು. ನೀಲಾ ನನ್ನ ಮುಖ ನೋಡಿದಳು. ನಾನು ಸೆರಗು ಸರಿಮಾಡಿಕೊಂಡೆ.

"ಹನ್ನೊಂದ್ರಿ" ಅಂದಳು.

ಬಾಯಿಯವರು ನನ್ನ ಕಡೆ ತಿರುಗಿದರು. "ಖರೇನ್ರಿ?"

ಆ ಕೋಣೆಯಲ್ಲಿ ಟಿಕೆಟ್ಟಿನವನು ಇರಲಿಲ್ಲ. ಹದಿಮೂರು ಎಂದರೆ ದಂಡ ಹಾಕುವವರು ಯಾರೂ ಇರಲಿಲ್ಲ. ನನಗೆ ಆಗ ಹೊರಗೆ ಅವರ ಕೈಯಲ್ಲೊಂದು ಕೂಸು, ಹೊಟ್ಟೆಯಲ್ಲೊಂದು — ಐದು ತಿಂಗಳು. ನೀರು ತರುವವಳು ನೀಲಾ, ಕೂಸು ಆಡಿಸುವವಳು ನೀಲಾ, ನನ್ನ ಬಾಣಂತನಕ್ಕೆ ಇದ್ದವಳೂ ಅವಳೊಬ್ಬಳೇ. ನಾಳೆಯಿಂದ ಬಾವಿಗೆ ಯಾರು ಹೋಗುತ್ತಾರೆ — ತಲೆಯಲ್ಲಿ ಇದ್ದದ್ದು ಅದೊಂದೇ.

"ಹೌದ್ರಿ" ಅಂದೆ.

ಬಾಯಿಯವರು ನೀಲಾಳನ್ನು ನೀರು ಕುಡಿದು ಬಾ ಎಂದು ಹೊರಗೆ ಕಳಿಸಿದರು. ಹುಡುಗಿಯ ಎದುರು ಇಲ್ಲ ಅನ್ನಲು ಅವರಿಗೆ ಮನಸ್ಸಾಗಲಿಲ್ಲವೇನೋ. ಆಮೇಲೆ ನನಗೆ ಹೇಳಿದರು: "ಇನ್ನಾ ಸಣ್ಣಾಕಿ ಅದಾಳಲ್ರಿ. ಶಾಣ್ಯಾ ಹುಡುಗಿ. ಬರೋ ವರ್ಷ ಕರಕೊಂಡ ಬರ್ರಿ, ಜಾಗಾ ಇಟ್ಟಿರತೀನಿ."

ಇಷ್ಟೇ ಅವರು ಹೇಳಿದ್ದು. ಇದರಲ್ಲಿ ಒಂದು ಕೆಟ್ಟ ಮಾತಿಲ್ಲ.

ಹೊರಗೆ ಬಂದಾಗ ನೀಲಾ ಅಣ್ಣನಿಗೆ ಆಗಲೇ ಹೇಳಿಬಿಟ್ಟಿದ್ದಳು, ಹನ್ನೊಂದು ಅಂದೆ ಎಂದು. ಅವರು ಹಣೆ ಬಡಿದುಕೊಂಡು ನಕ್ಕರು. ಬಾಯಿಯವರನ್ನು ಬಾಗಿಲಿಗೆ ಕರೆಸಿ, ರೈಲಿನ ಸಲುವಾಗಿ ಹೇಳಿಸಿದ ಮಾತು, ಹುಡುಗಿಗೆ ಹದಿಮೂರು ಎಂದು ಒಪ್ಪಿಕೊಳ್ಳುತ್ತೇನೆ ಎಂದು ಹೊರಟರು. ಎರಡು ಹೆಜ್ಜೆ ಇಟ್ಟಿದ್ದರು. ನಾನು ಅಡ್ಡ ಬಂದೆ.

"ಹೋಗಬ್ಯಾಡ್ರಿ. ಅವರಿಗಿ ಮೊದಲ ಗೊತ್ತಾಗೇತಿ. ಸುಳ್ಳು ಹೇಳೋ ಹುಡುಗಿ ನಮಗ ಬ್ಯಾಡ ಅಂದ್ರು."

ಯೋಚಿಸಿ ಆಡಿದ್ದಲ್ಲ — ಆದರೆ ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಅವರು ನಿಂತರು. ಮಾನಸ್ಥರು, ಬಾಗಿಲಿಗೆ ಬೆನ್ನು ಹಾಕಿದರು. ನೀಲಾ ನನ್ನ ಪಕ್ಕದಲ್ಲೇ ಇದ್ದಳು. ಅಣ್ಣನ ಕೈಯಿಂದ ಕೂಸನ್ನು ತೆಗೆದುಕೊಂಡಳು.

ಸೋಮವಾರ ತಿರುಗಿ ಬರುವಾಗ ಟಿಕೆಟ್ಟಿನವನು ಮತ್ತೆ ಕೇಳಿದ. ನೀಲಾ ಬಾಯಿ ಬಿಡಲಿಲ್ಲ. ಹನ್ನೊಂದು ಎಂದು ನಾನೇ ಹೇಳಿದೆ.

ಮುಂದಿನ ವರ್ಷ ಬಂತು, ಹೋಯಿತು. ಆ ವರ್ಷವೇ ಅವಳನ್ನು ಕೊಹಿನೂರಿಗೆ ಕೊಟ್ಟೆವು. ಗಂಡ ಕುಡಿಯುವವನಲ್ಲ, ಹೊಡೆಯುವವನಲ್ಲ, ಹೊಲ ಇದೆ, ಎಮ್ಮೆ ಇದೆ. ಇವನ್ನೂ ನಾನು ಎಣಿಸಿದೆ. ಎಷ್ಟೋ ಸಲ ಎಣಿಸಿದೆ. ನೀಲಾ ಪುಸ್ತಕ ಮುಟ್ಟುವುದನ್ನು ಬಿಟ್ಟದ್ದನ್ನು ಮಾತ್ರ ಎಣಿಸಲಿಲ್ಲ. ಹಬ್ಬಕ್ಕೆ ಬಂದಾಗ ಒಮ್ಮೆ ಕೇಳಿದ್ದಳು, "ಬಾಯಾರಿಗಿ ನನ್ನ ಮಾರಿ ನೋಡೇ ಗೊತ್ತಾತೇನು ವೈನಿ?" ನಾನು ಒಲೆ ಊದುತ್ತಿದ್ದೆ. ಊದುತ್ತಲೇ ಇದ್ದೆ.

ಇವತ್ತು ಬೆಳಿಗ್ಗೆ, ನೀಲಾಳನ್ನು ನೋಡಿಬರುತ್ತೇನೆ ಎಂದು ಮನೆಯವರಿಗೆ ಹೇಳಿ ಮೊದಲ ಮೋಟಾರಿಗೆ ಬಸವಕಲ್ಯಾಣಕ್ಕೆ ಹೋದೆ. ಅಲ್ಲಿಂದ ಚಕ್ಕಡಿ ಹತ್ತಿ ಕೊಹಿನೂರಿಗೆ. ನೀಲಾ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಕುಳಿತರೆ ಹೇಳುವುದಾಗುತ್ತಿರಲಿಲ್ಲ.

ನೀಲಾ ಅಳಲಿಲ್ಲ, ಬೈಯಲಿಲ್ಲ. ಕೈ ತೊಳೆದಳು. "ಜಾಗಾ ಇಟ್ಟಿರತೀನಿ ಅಂದಿದ್ರೇನು?" ಅಂದಳು. ಹೌದು ಅಂದೆ.

"ಇನ್ನೊಮ್ಮಿ ಹೇಳ್ರಿ. ಬಾಯಾರು ಹ್ಯಾಂಗ ಅಂದ್ರು, ಹಂಗ ಹೇಳ್ರಿ."

ಹೇಳಿದೆ. ಶಾಣ್ಯಾ ಹುಡುಗಿ ಅಂದದ್ದನ್ನೂ ಬಿಡಲಿಲ್ಲ. ಅವಳು ಒಳಗಿದ್ದ ಮಗಳನ್ನು ಕರೆದು ತೊಡೆಯ ಮೇಲೆ ಕೂಡಿಸಿಕೊಂಡಳು. ಬರೆ ಬಿದ್ದ ಕೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು, "ಈಗ ಇಕಿ ಮುಂದ ಹೇಳ್ರಿ" ಅಂದಳು.

ಮೂರನೆಯ ಸಲ ಹೇಳಿದೆ. ಮಗು ನನ್ನನ್ನೇ ನೋಡುತ್ತಿತ್ತು. ಅದಕ್ಕೆ ಏನು ತಿಳಿಯಿತೋ.

ನಾನು ಹೊರಟಾಗ ನೀಲಾ ಉಂಡು ಹೋಗ್ರಿ ಅನ್ನಲಿಲ್ಲ. ಇಷ್ಟು ವರ್ಷದಲ್ಲಿ ಇದೇ ಮೊದಲು. ಬಾಗಿಲವರೆಗೆ ಬಂದು ಒಂದೇ ಮಾತು ಹೇಳಿದಳು: "ಅಣ್ಣಗ ನಾ ಹೇಳಂಗಿಲ್ಲ. ನೀವ ಹೇಳಬೇಕು."

ಸಂಜೆಗೆ ಮನೆ ಮುಟ್ಟಿದೆ. ಅವರು ಇನ್ನೂ ಅಂಗಡಿಯಿಂದ ಬಂದಿಲ್ಲ. ಅವರ ಎದುರು ಮಾತು ತಿರುಚಬಾರದೆಂದು, ಎಸರು ಕಾಯುವತನಕ ಕುಳಿತು ಇದನ್ನು ಇದ್ದದ್ದು ಇದ್ದಂತೆ ಬರೆದೆ. ಅವರು ಉಂಡ ಮೇಲೆ ಹೇಳೋಣ ಎಂದು ಒಮ್ಮೆ ಅನ್ನಿಸಿತು. ಇಲ್ಲ, ಉಣ್ಣುವ ಮೊದಲೇ ಹೇಳುತ್ತೇನೆ. ಉಣ್ಣುವುದು ಬಿಡುವುದು ಅವರಿಗೆ ಬಿಟ್ಟದ್ದು.

ನೀರು ಕುದಿಯುತ್ತಿದೆ. ರೊಟ್ಟಿಯ ಹಿಟ್ಟು ನಾದಬೇಕು.