ಕೆಸರಿನ ಬಿರುಕಿಗೆ ಮೂಗು ಹಚ್ಚಿದಾಕೆ

ಹೋದ ವಾರ ಕಲಬುರಗಿಯ ಬ್ಯಾಂಕಿನಲ್ಲಿ ಒಬ್ಬಾಕೆ ಫಿನಾಯಿಲ್ ಸುರಿದು ನೆಲ ಒರೆಸುತ್ತಿದ್ದಳು. ಸಾಲಿನಲ್ಲಿದ್ದವರೆಲ್ಲ ಮೂಗಿಗೆ ಸೆರಗು, ಕರವಸ್ತ್ರ ಹಿಡಿದರು. ನಾನು ಹಿಡಿಯಲಿಲ್ಲ. ಆ ವಾಸನೆ ಬಂದರೆ ನನಗೆ ಕಮಲಾಪುರದ ಕಾಕು ನೆನಪಾಗುತ್ತಾಳೆ, ಜೊತೆಗೆ ನನ್ನ ಶಾಣ್ಯಾತನವೂ...

ಕಾಕು ಎಂದರೆ ಚಿಕ್ಕಮ್ಮ, ಆದರೆ ಆಕೆ ನಮ್ಮ ಬಂಧುವಲ್ಲ, ಪಕ್ಕದ ಮನೆಯಾಕೆ. ಓಣಿಗೆಲ್ಲ ಕಾಕು. ಗಂಡ ತೀರಿದ ಮೇಲೆ ಹಣ್ಣಿನ ಸಾಹುಕಾರರ ಭಟ್ಟಿಗೆ ಕೂಲಿ ಹೋಗುತ್ತಿದ್ದಳು. ಎಂಬತ್ತರ ದಶಕದ ಮಾತು. ಭಟ್ಟಿ ಎಂದರೆ ಗಾಳಿಯಾಡದ ಸಣ್ಣ ಕೋಣೆ. ಅದರೊಳಗೆ ಬಾಳೆಗೊನೆ ಒಟ್ಟಿ, ಸಗಣಿ ಕುಳ್ಳಿನ ಹೊಗೆ ಕೊಟ್ಟು, ಬಾಗಿಲಿನ ಸಂದಿಗೆಲ್ಲ ಕೆಸರು ಮೆತ್ತಿಬಿಡುತ್ತಿದ್ದರು. ಬೇಗ ತೆರೆದರೆ ಹಣ್ಣು ಒಗರು, ತಡವಾದರೆ ಕಲಬುರಗಿ ಮುಟ್ಟುವಷ್ಟರಲ್ಲಿ ಕೊಳೆತು ನೀರು. ಬಣ್ಣ ನೋಡಿ ಹೇಳೋಣವೆಂದರೆ ನಮ್ಮೂರ ಬಾಳೆ ಕಾಯಿದ್ದಾಗಲೂ ಕೆಂಪು, ಹಣ್ಣಾದಾಗಲೂ ಕೆಂಪು!

ಕಾಕು ಬಾಗಿಲ ಕೆಸರಿನ ಬಿರುಕಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ ಒಂದು ಉಸಿರು ಎಳೆಯುತ್ತಿದ್ದಳು.

"ಎಡಗಡಿ ಮೂಲ್ಯಾಗ ಇನ್ನಾ ಕಾಯಿ ಅದರೀ. ಸಂಜಿಮುಂದ ತೆಗೀರಿ."

ಸಂಜೆ ತೆರೆದರೆ ಒಂದೂ ಕಾಯಿಲ್ಲ, ಒಂದೂ ಕೊಳೆತಿಲ್ಲ, ಎಲ್ಲ ಹದ. ಎಂಥಾ ಮೂಗು ಅದು! ಒಳಗಿನ ಕತ್ತಲಲ್ಲಿ ಎಡ ಯಾವುದು, ಬಲ ಯಾವುದು ಎಂದು ಹೇಗೆ ತಿಳಿಯುತ್ತಿತ್ತೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಯಾರು ಕಲಿಸಿದರೆಂದು ಕೇಳಿದರೆ ನಗುತ್ತಿದ್ದಳು: "ಮಲ್ಲಿಗಿ ವಾಸನಿ ನಿಂಗ ಯಾರು ಕಲಿಸ್ಯಾರವ್ವಾ?"

ನಾನಾಗ ಕಲಬುರಗಿಯ ಒಂದು ಕಚೇರಿಯಲ್ಲಿ ಹೊಸದಾಗಿ ಗುಮಾಸ್ತೆಯಾಗಿದ್ದೆ. ತಿಂಗಳ ಪಗಾರದ ಮುಂದೆ ಇನ್ನೊಂದು ದೇವರಿಲ್ಲ ಎಂಬ ಸೊಕ್ಕು. ಇಂಥಾಕೆ ಹೊಗೆಯಲ್ಲಿ ಕಣ್ಣು ಸುಟ್ಟುಕೊಳ್ಳುವುದನ್ನು ನೋಡಲಾರದೆ, ಅವರಿವರ ಕೈಕಾಲು ಹಿಡಿದು, ಶರಣಬಸವೇಶ್ವರ ಗುಡಿಯ ಕಡೆಯ ಒಂದು ಹಾಸ್ಟೆಲಿನಲ್ಲಿ ಖಾಯಂ ಕೆಲಸ ಕೊಡಿಸಿದೆ. ಅರ್ಜಿ ಬರೆದವಳೂ ನಾನೇ. ಕಾಕುವಿನ ನಸೀಬು ತೆರೆಯಿತೆಂದು ಓಣಿಯೆಲ್ಲ ಕುಣಿಯಿತು. ಕಾಕು "ಹೂಂ" ಎಂದಳು, ಅಷ್ಟೇ.

ಕೋಣೆ, ಮೋರಿ, ಬಚ್ಚಲು... ದಿನವಿಡೀ ಫಿನಾಯಿಲ್. ಆರು ತಿಂಗಳಾಗಿರಬೇಕು. ಸಂಜೆಯ ಬಸ್ಸಿನಲ್ಲಿ ಇಬ್ಬರೂ ಊರಿಗೆ ಹೊರಟಿದ್ದೆವು. ಕಾಕು ಇದ್ದಕ್ಕಿದ್ದಂತೆ ನನ್ನ ಜಡೆಯ ಮಲ್ಲಿಗೆ ಕಿತ್ತು ಮೂಗಿಗೆ ಒತ್ತಿಕೊಂಡಳು. ಮತ್ತೆ ಒತ್ತಿಕೊಂಡಳು.

"ಯವ್ವಾ, ವಾಸನಿ ಬರವಲ್ದು."

"ನೆಗಡಿ ಆಗಿರ್ಬೇಕು ತಗೋ" ಎಂದು ನಕ್ಕೆ. ಆಕೆ ನಗಲಿಲ್ಲ.

ಮರುವಾರ ಕೆಲಸ ಬಿಟ್ಟು ಬಂದಳು. ನನ್ನ ಪಿತ್ತ ನೆತ್ತಿಗೇರಿತು. ಆಕೆಯ ಅಂಗಳದಲ್ಲೇ ನಿಂತು ಕೂಗಾಡಿದೆ: "ಖಾಯಂ ನೌಕರಿ ಕಾಲಿಲೆ ಒದ್ದು ಬಂದಿಯಲ್ಲ! ಅಲ್ಲಿ ನಾ ಹ್ಯಾಂಗ ಮುಖ ತೋರಿಸಲಿ?"

"ಪಗಾರ ಹೋದ್ರ ಕೂಲಿ ಮಾಡ್ತೀನಿ. ಮೂಗ ಹೋದ್ರ ನಾ ಯಾರಾಕಿ? ನೀನ ಹೇಳು."

ಹುಚ್ಚಿ ಎಂದು ಬೈದು ಮಾತು ಬಿಟ್ಟೆ.

ಮಾತು ಬಿಟ್ಟರೂ ಕಣ್ಣು ಆಕೆಯನ್ನು ಬಿಡಬೇಕಲ್ಲ. ಮುಂಜಾನೆ ನಮ್ಮ ಮಾಳಿಗೆಯಿಂದ ಕಾಣುತ್ತಿತ್ತು. ಕಾಕು ಮೊರದಲ್ಲಿ ಬೆಳ್ಳುಳ್ಳಿ, ಜೀರಿಗೆ, ಬೇವಿನೆಲೆ, ಹಸಿಮಣ್ಣು ಇಟ್ಟುಕೊಂಡು, ಕಣ್ಣು ಮುಚ್ಚಿ ಒಂದೊಂದೇ ಮೂಸುತ್ತಿದ್ದಳು. ತಪ್ಪಿದರೆ ತಲೆ ಕೊಡವಿ ಮತ್ತೆ ಮೊದಲಿಂದ. ಎರಡು ತಿಂಗಳು! ಆ ಹಟ ನೋಡಿ ನನಗೆ ಸಿಟ್ಟೂ ಬರುತ್ತಿತ್ತು, ಮೈ ಜುಮ್ಮೂ ಎನ್ನುತ್ತಿತ್ತು.

ಭಟ್ಟಿಯಲ್ಲಿ ಅಷ್ಟರಲ್ಲಿ ಗಡಿಯಾರ ನೋಡಿ ಬಾಗಿಲು ತೆರೆಸುವ ಬೇರೊಬ್ಬ ಬಂದಿದ್ದ. ಸಾಹುಕಾರರು ಕಾಕುವಿಗೆ ಒಂದೇ ಒಂದು ಭಟ್ಟಿ ಬಿಟ್ಟುಕೊಟ್ಟರು. "ತಪ್ಪಿದ್ರ ಮತ್ತ ಈ ಕಡಿ ಬರಬ್ಯಾಡ" ಎಂದರು.

ಅವತ್ತು ರಜೆ, ನಾನೂ ಹೋದೆ. ಸುಳ್ಳೇಕೆ ಹೇಳಲಿ, ಆಕೆ ತಪ್ಪಲಿ, ಬುದ್ಧಿ ಬರಲಿ ಎಂದೇ ಹೋದೆ. ಬೆಳಿಗ್ಗೆಯೇ ಗಡಿಯಾರದವನು ತೆರೆಯಿರಿ ಎಂದ. ಕಾಕು ಬಿರುಕಿಗೆ ಮೂಗು ಹಚ್ಚಿ ಬಹಳ ಹೊತ್ತು ನಿಂತಳು. "ಇನ್ನಾ ಇಲ್ರೀ." ಮಧ್ಯಾಹ್ನ ಕಲಬುರಗಿಯ ಟೆಂಪೊ ಬಂದು ಹಾರ್ನ್ ಹೊಡೆಯತೊಡಗಿತು. "ಇನ್ನಾ ಇಲ್ರೀ" ಎಂದು ಬಾಗಿಲಿಗೇ ಬೆನ್ನು ಕೊಟ್ಟು ಕುಳಿತಳು. ಸಾಹುಕಾರರು ಬೈದರು, ಡ್ರೈವರ್ ಬೈದ. ಆಕೆ ಏಳಲಿಲ್ಲ. ಬಿಸಿಲು ಓರೆಯಾದಾಗ ತಾನೇ ಎದ್ದು ಕೆಸರು ಒಡೆದಳು.

ಏನು ಪರಿಮಳ ಅದು... ಹಾರ್ನ್ ಹೊಡೆಯುತ್ತಿದ್ದವನೂ ಕೈ ತೆಗೆದ. ಸಾಹುಕಾರರು ಎದುರಿನದೊಂದು ಸುಲಿದರು, ಮೂಲೆಯದೊಂದು, ತಳದ್ದೊಂದು. ಎಲ್ಲ ಒಂದೇ ಹದ. "ಕಮಾಲ್ ಮಾಡ್ದಿ!" ಎಂದರು. ಕಾಕು ಅದನ್ನು ಕೇಳಲೇ ಇಲ್ಲ. ಹಣ್ಣು ಮೂಗಿಗೆ ಹಿಡಿದುಕೊಂಡು ಮಗುವಿನಂತೆ ಅಳುತ್ತಿದ್ದಳು. ಆಮೇಲೆ ಬಂದು ನನ್ನ ಕೈಗೆ ಒಂದು ಹಣ್ಣು ಇಟ್ಟಳು. ನಾನು ತಪ್ಪಿದೆ ಎನ್ನಬೇಕಿತ್ತು. "ಛಲೋ ಅದ" ಎಂದಷ್ಟೇ ಹೇಳಿ ಬಂದೆ.

ಮುಂದೆ ಇಪ್ಪತ್ತು ವರ್ಷ ಕಾಕು ಭಟ್ಟಿಗೆ ಹೋದಳು. ಹಬ್ಬದ ದಿನವೂ ಒಮ್ಮೆ ಹೋಗಿ ಬರದಿದ್ದರೆ ಆಕೆಗೆ ಸಮಾಧಾನವಿಲ್ಲ. ನಾನೂ ಕಚೇರಿಗೆ ಹೋದೆ, ಭಾನುವಾರ ಯಾವಾಗ ಬರುತ್ತದೋ ಎನ್ನುತ್ತ.

ನಿವೃತ್ತಿಯ ದಿನ ಹಾರ ಹಾಕಿ ಕಳಿಸಿದರು. ಮರುದಿನ ಎದ್ದಾಗ ಒಂದಿಷ್ಟೂ ಬೇಜಾರಾಗಲಿಲ್ಲ. ಅಷ್ಟೂ ವರ್ಷಗಳ ಕೆಲಸ, ಒಂದೇ ರಾತ್ರಿಗೆ ಮರೆತುಹೋಗಿತ್ತು. ಆಗ ನಿಜವಾಗಿ ಹೆದರಿದೆ: ಪಗಾರ ನಿಂತ ಮೇಲೆ ನಾ ಯಾರಾಕಿ? ಓಡಿಹೋಗಿ ಹೇಳಿಕೊಳ್ಳೋಣವೆಂದರೆ ಕಾಕು ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು... ನೀ ಅಂದದ್ದ ಖರೆ ಇತ್ತು, ಕಾಕು.