ಮಾಳಿಗೆ ಹತ್ತಿದ ಕಿಲಾರಿ ಎತ್ತುಗಳು

ಅಣ್ಣಿಗೇರಿಯ ಮಡಿವಾಳೆಪ್ಪನ ಸಿಟ್ಟು ಮೂಗಿನ ತುದಿಯಲ್ಲಲ್ಲ, ಮೂಗಿಗಿಂತ ಒಂದು ಮೊಳ ಮುಂದೆಯೇ ಇರುತ್ತಿತ್ತು. ಮಾಸ್ತರರು ಕಿವಿ ಹಿಂಡಿದರೆಂದು ಎರಡನೇ ಇಯತ್ತೆಯಲ್ಲೇ ಪಾಟಿ ಒಡೆದು ಮನೆಗೆ ಬಂದವನು ಮತ್ತೆ ಸಾಲಿಯ ಕಡೆ ತಿರುಗಿ ನೋಡಿರಲಿಲ್ಲ. ನೇಗಿಲು ಕಲ್ಲಿಗೆ ತಾಗಿದರೆ ಕಲ್ಲಿನ ಜೊತೆಗೇ ಜಗಳ ತೆಗೆಯುವ ಮನುಷ್ಯ. ಅಂಥವನಿಗೆ ಇದ್ದದ್ದು ಕಲ್ಲಿನ ಮನೆ.

ಕಟ್ಟಿದವನು ಅವನ ಅಜ್ಜ. ಪ್ಲೇಗು ಬಂದು ಊರೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ, ಯಾವುದೋ ಹಾಳುಗುಡಿಯ ಕಲ್ಲುಗಳನ್ನು ಚಕ್ಕಡಿಯಲ್ಲಿ ಹೇರಿ ತಂದು ಗೋಡೆ ಎಬ್ಬಿಸಿದ್ದ. ಅದರಲ್ಲೊಂದು ಕೆತ್ತನೆಯ ಕಂಬಕ್ಕೆ ಎಮ್ಮೆ ಕಟ್ಟುತ್ತಿದ್ದರು. ಇಷ್ಟೆಲ್ಲ ಮಡಿವಾಳೆಪ್ಪನಿಗೂ ಗೊತ್ತು. ಆದರೆ ಎಪ್ಪತ್ತೈದನೆಯ ಇಸವಿಯ ಚಳಿಯಲ್ಲಿ, ಹಳೇ ಕಟ್ಟಡ ನೋಡುವ ಸರಕಾರದ ಸಾಹೇಬರೊಬ್ಬರು ಬಾಜು ಮನೆಯ ಬಸವಣ್ಣೆಪ್ಪನ ಅಂಗಳದಲ್ಲಿ ನಿಂತು "ಭಾಳ ಹಳೇ ಮನಿ" ಎಂದದ್ದು ಇವನ ಕಿವಿಗೆ ಬಿತ್ತು. ಸುಮ್ಮನಿರಲು ಆದೀತೆ?

"ಅದೇನ್ ಹಳೇದ್ರಿ, ನಿನ್ನಿ ಮೊನ್ನಿ ಕಟ್ಟಿದ್ದು! ನಮ್ಮನಿ ನೋಡ ಬರ್ರಿ. ಊರಾಗಿನ ಸಾವಿರ ವರ್ಷದ ಗುಡಿ ಕಟ್ಟಾಕ ಬಂದ ಕಲ್ಲುಕುಟಿಗರು ನಮ್ಮನ್ಯಾಗ ರೊಟ್ಟಿ ಉಂಡು ಹೋಗ್ಯಾರ!"

ಸಾಹೇಬರು ಕಂಬ ನೋಡಿದರು, ತಲೆದೂಗಿದರು. ಕಣದ ಸುಗ್ಗಿ ಮುಗಿಯುವಷ್ಟರಲ್ಲಿ ಬಾಗಿಲ ಮೇಲೆ 'ಸಂರಕ್ಷಿತ ಸ್ಮಾರಕ' ಎಂಬ ಬೋರ್ಡು ಬಿತ್ತು. ಇನ್ನು ಈ ಮನೆಯಿಂದ ಒಂದು ಹಿಡಿ ಮಣ್ಣು ತೆಗೆಯುವಂತಿಲ್ಲ, ಒಂದು ಹಿಡಿ ಹಾಕುವಂತಿಲ್ಲ. ಕಾಯಲು ಯಮನೂರಿನ ಕಾಸೀಮಸಾಬನನ್ನು ಖಾಕಿ ಅಂಗಿ ಹಾಕಿಸಿ ಕಟ್ಟೆಯ ಮೇಲೆ ಕೂರಿಸಿದರು. ಇಲಾಖೆಯವರು ಬರೆದುಕೊಂಡ ಚಿತ್ರದಲ್ಲಿ ಎಮ್ಮೆಯೂ ಇತ್ತು. ಹಾಗಾಗಿ ಎಮ್ಮೆಯನ್ನು ಮೇಯಲು ಬಿಡಬೇಕೋ ಬೇಡವೋ ಎಂದು ಕಾಸೀಮಸಾಬ ಒಂದು ವಾರ ಒದ್ದಾಡಿದ.

ನಿಜವಾದ ಫಜೀತಿ ಬಂದದ್ದು ಮಳೆಗಾಲದ ಬಾಯಿಗೆ. ಈ ಕಡೆಯ ಮಾಳಿಗೆಗಳೆಲ್ಲ ಮಣ್ಣಿನವು. ವರ್ಷವರ್ಷವೂ ಮಳೆಗೆ ಮುಂಚೆ ಹೊಸ ಕರಲು ಮಣ್ಣು ಹಾಕಬೇಕು. ಆ ಬೆಳ್ಳನೆಯ ಮಣ್ಣು ನೀರು ಬಿದ್ದಂತೆಲ್ಲ ಕರಗಿ ಬಿರುಕಿಗಿಳಿದು ಗಟ್ಟಿಯಾಗುತ್ತದೆ. ಹಾಕದಿದ್ದರೆ ಮನೆ ಜರಡಿ. ಸಾಲದ್ದಕ್ಕೆ ಮಗಳು ಗೌರಕ್ಕ ಚೊಚ್ಚಲ ಹೆರಿಗೆಗೆ ಯರಗುಪ್ಪಿಯಿಂದ ಬಂದಿದ್ದಳು. ಬಾಣಂತಿಗೆಂದು ಇಟ್ಟಿದ್ದ ಒಳಕೋಣೆಯಲ್ಲಿ ಮಲಗಿದರೆ ಆಕಾಶ ಕಾಣುತ್ತಿತ್ತು.

"ಹಡ್ಯಾಕ ಬಂದ ಮಗಳನ್ನ ಛತ್ರಿ ಬುಡಕ ಮಲಗಸ್ತೀರೇನು?" ಎಂದಳು ಹೆಂಡತಿ ಗುರವ್ವ. "ಕಲ್ಲುಕುಟಿಗರಿಗೆ ರೊಟ್ಟಿ ಹಾಕಿದ್ರಲ್ಲಾ, ಕರೀರಿ ಅವರನ್ನ!"

ಮಡಿವಾಳೆಪ್ಪ ಬುಟ್ಟಿ ಹೊತ್ತು ಏಣಿ ಹತ್ತಿದ. ಕಾಸೀಮಸಾಬ ಬಂದು ಏಣಿ ಹಿಡಿದುಕೊಂಡ.

"ಕಾಕಾ, ಇಳೀರಿ. ನನ್ನ ನೌಕರಿ ಹೊಕ್ಕೈತಿ."

"ನನ್ನ ಮನಿ ಲೇ ಇದು!"

"ನಿಮ್ದ ಐತ್ರಿ. ನಿಮ್ಮಿಂದನ ಕಾಯಾಕ ನನ್ನ ಇಟ್ಟಾರ."

"ಪೂಜಾ ಮಾಡೂದೂ ಬ್ಯಾಡಂತೇನಲೇ?"

"ಅದಕ್ಕ ಅಡ್ಡಿಯಿಲ್ರಿ. ನಡಕೊಂಡು ಬಂದ ಪೂಜಾ ನಡೀಲಿ ಅಂತ ಸಾಹೇಬ್ರ ಹೇಳ್ಯಾರ."

ಬೈಯಲು ಬಾಯಿ ತೆರೆದಿದ್ದ ಮಡಿವಾಳೆಪ್ಪ ಹಾಗೆಯೇ ಮುಚ್ಚಿಕೊಂಡು ಕೆಳಗಿಳಿದ. ಗುರವ್ವನಿಗೆ ಗಾಬರಿಯಾಯಿತು, ಗಂಡನಿಗೆ ಜ್ವರ ಬಂತೇನೋ ಎಂದು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮನೆಗೊಂದು ಜೋಡಿ ಮಣ್ಣಿನ ಎತ್ತು ಮಾಡಿ ದೇವರ ಜಗಲಿಯ ಮೇಲಿಟ್ಟು ಪೂಜಿಸುವ ಹಬ್ಬ. ಮಡಿವಾಳೆಪ್ಪ ಮಾತ್ರ ಚಕ್ಕಡಿಗಟ್ಟಲೆ ಕರಲು ಮಣ್ಣು ತರಿಸಿ, ಅಂಗಳದಲ್ಲಿ ಓಣಿಯ ಹೆಂಗಸರನ್ನೆಲ್ಲ ಕೂರಿಸಿದ. ಬಸವಣ್ಣೆಪ್ಪನಿಗೂ ತಡೆಯಲಾಗಲಿಲ್ಲ. "ಅದೇನ್ ಎತ್ತೋ, ಹಂದಿಯೋ?" ಎನ್ನುತ್ತ ತಾನೇ ಕೋಡು ತಿದ್ದತೊಡಗಿದ. ಸಂಜೆಗೆ ಮಾಳಿಗೆಯ ತುಂಬ ಎತ್ತುಗಳು ಮೈಗೆ ಮೈ ಹಚ್ಚಿ ನಿಂತವು. ಒಳಕೋಣೆಯ ಬಿರುಕಿನ ಮೇಲೆ ಕರುವಿನಷ್ಟು ದೊಡ್ಡದೊಂದು ಮಲಗಿತ್ತು.

ಕಾಸೀಮಸಾಬ ಹತ್ತಿ ನೋಡಿದ. "ಕಾಕಾ, ಮಣ್ಣೆತ್ತು ಕರೇ ಮಣ್ಣಿಂದಲ್ರಿ? ಇವ್ಯಾಕ ಬೆಳ್ಳಗ?"

"ಕಿಲಾರಿ ಎತ್ತು ಎಲ್ಲೆರ ಕರ್ರಗ ಇರ್ತಾವೇನಲೇ?"

"ಇಷ್ಟ್ಯಾಕ್ರಿ ಮತ್ತ?"

"ಒಂದ ಜೋಡ್ಯಾಗ ನನ್ನ ಹೊಲಾ ಹರಗಾಕ ನಿಮ್ಮಪ್ಪ ಬರ್ತಾನೇನು?"

ಕಾಸೀಮಸಾಬ ಚಪ್ಪಲಿ ಬಿಟ್ಟು, ಕೈಮುಗಿದು ಇಳಿದ. ಮರುದಿನ ಬಂದ ಸಾಹೇಬರಿಗಂತೂ ಆನಂದವೋ ಆನಂದ. ಇಂಥ ಪದ್ಧತಿ ಎಲ್ಲೂ ಕಂಡಿಲ್ಲ, ಒಂದು ಎತ್ತೂ ಅಲುಗಬಾರದು ಎಂದು ಕಾಸೀಮಸಾಬನಿಗೆ ತಾಕೀತು ಮಾಡಿ ಹೋದರು.

ಅವರ ಜೀಪು ಊರು ದಾಟುವಷ್ಟರಲ್ಲಿ ಗೌರಕ್ಕನಿಗೆ ಹೆರಿಗೆಯ ಬ್ಯಾನಿ ಎದ್ದವು. ಹಿಂದೆಯೇ ಮಳೆ. ಒಳಕೋಣೆಯ ಬಾಗಿಲು ಹಾಕಿಕೊಂಡಿದ್ದ ಸೂಲಗಿತ್ತಿ ಫಕೀರವ್ವನನ್ನು ಮಡಿವಾಳೆಪ್ಪ ಹೊರಗಿನಿಂದ ಪದೇಪದೇ ಕೇಳಿದ: "ಸೋರಾಕತ್ತೈತೇನು?"

"ಮಾಳಿಗಿ ಚಿಂತಿ ಬಿಡ್ರಿ ಯಪ್ಪಾ, ಮಗಳು ಹೆಂಗದಾಳಂತರ ಕೇಳ್ರಿ!"

ಮಳೆ ಜಡಿಯುತ್ತಲೇ ಇತ್ತು. ಕಡೆಗೆ ಕೂಸಿನ ಅಳು ಕೇಳಿತು. ಫಕೀರವ್ವ ಬಾಗಿಲು ತೆರೆದಳು. ಹೆಣ್ಣು ಕೂಸು, ತಾಯಿ ಆರಾಮ, ನೆಲ ಒಣಗಿಯೇ ಇತ್ತು.

ಆಗ ಏಣಿಯ ಮೇಲಿನಿಂದ, ತೊಯ್ದು ತೊಪ್ಪೆಯಾದ ಕಾಸೀಮಸಾಬ ಕೂಗಿದ: "ಕಾಕಾ! ಎತ್ತು ಒಂದೂ ಇಲ್ರೀ! ಎಲ್ಲಾ ಕರಗಿ ಸಪಾಟ ಆಗ್ಯಾವು! ಸಾಹೇಬ್ರಿಗೆ ಏನ್ ಹೇಳ್ಲಿ?"

"ಮೇಯಾಕ ಹೋಗ್ಯಾವಂತ ಹೇಳ!" ಎಂದ ಮಡಿವಾಳೆಪ್ಪ. "ಮತ್ತ ಸಾವಕಾಶ ಒದರಲೇ, ಕೂಸು ಮಲಗೇತಿ."